ಬೇಲಿಯ ಸಂದಿಗೊಂದು ಕ್ರಯಪತ್ರ

ಹಿನ್ನರ್ಕ್ ಬ್ರೂನ್ಸ್ ಮಾತಿನ ಮನುಷ್ಯನಲ್ಲ. ಪೂರ್ವ ಫ್ರೀಸ್‌ಲ್ಯಾಂಡಿನ ಆ ಕಡಲಂಚಿನ ಊರಿನಲ್ಲಿ ಮಾತಿಗೆ ಮೊದಲಿನಿಂದಲೂ ಬರಗಾಲವೇ. ಬೆಳಿಗ್ಗೆ ಎದುರಾದರೂ 'ಮೊಯಿನ್', ಸಂಜೆ ಎದುರಾದರೂ 'ಮೊಯಿನ್', ಅಲ್ಲಿಗೆ ಲೋಕಾಭಿರಾಮ ಮುಗಿಯಿತು. ಎರಡು ಸಲ 'ಮೊಯಿನ್ ಮೊಯಿನ್' ಎಂದವನನ್ನು ಬಾಯಿಬಡುಕ ಎಂದು ಲೆಕ್ಕ ಹಾಕುತ್ತಾರೆ. ಅಂಥ ಊರಿನಲ್ಲೂ ಹಿನ್ನರ್ಕ್‌ಗೆ ಮೂಗಬಸವನ ಪಟ್ಟ ಸಿಕ್ಕಿತ್ತು. ಕಾಲುವೆಗಳ ಹೂಳೆತ್ತುವ ಯಂತ್ರದೊಳಗೆ ಒಬ್ಬನೇ ಕೂತು ಆಯುಷ್ಯ ಕಳೆದವನು ಅವನು. ಹೂಳಿನ ಜೊತೆ ಮಾತಾಡುವುದೇನಿರುತ್ತದೆ?

ಇಂಥವನ ಎದೆಯೊಳಗಿನ ಮಾತು ನೋಟರಿ ಕಚೇರಿಯಲ್ಲಿ, ಸರ್ಕಾರದ ಮೊಹರಿನ ಅಡಿಯಲ್ಲಿ, ಗಟ್ಟಿಯಾಗಿ ಓದಿಸಿಕೊಳ್ಳುವ ಹಂತಕ್ಕೆ ಹೇಗೆ ಬಂತು ಎಂದರೆ ಅದಕ್ಕೆ ಕಾರಣ ಜೇಬಿನ ವಕೀಲ.

ಮೊದಲು ಬೇಲಿಯ ವಿಷಯ ಹೇಳಿಬಿಡುತ್ತೇನೆ. ಹಿನ್ನರ್ಕ್‌ನ ಮನೆಗೂ ಪಕ್ಕದ ಗೇಶೆ ಉಬ್ಬೆನ್‌ಳ ಮನೆಗೂ ನಡುವೆ ಗಿಡದ ಬೇಲಿಯಿದೆ. ಯಾವುದೋ ವರ್ಷದ ಬಿರುಗಾಳಿಗೆ ಅದರಲ್ಲಿ ಒಂದು ಗಿಡ ಬುಡಮೇಲಾಗಿ ಸಂದು ಬಿದ್ದಿತ್ತು. ಮುಚ್ಚಬೇಕು ಎಂದು ಇಬ್ಬರೂ ಹೇಳಿದರು, ಇಬ್ಬರೂ ಮುಚ್ಚಲಿಲ್ಲ. ಇಬ್ಬರ ಮನೆಯಲ್ಲೂ ಜೊತೆಗಿದ್ದವರು ತೀರಿಕೊಂಡ ಮೇಲೆ ಗೇಶೆ ದಿನಾ ಮಧ್ಯಾಹ್ನ ಚಹಾದ ಕೆಟಲಿಗೆ ಉಣ್ಣೆಯ ಟೋಪಿ ತೊಡಿಸಿಕೊಂಡು ಆ ಸಂದಿಯಿಂದ ತೂರಿ ಬರುತ್ತಾಳೆ. ಅವಳ ಹಿಂದೆ ಥೆಯೋ ಎಂಬ ಅವಳ ಹೆಬ್ಬಾತು ಬರುತ್ತದೆ. ಹಿನ್ನರ್ಕ್‌ನ ಅಂಗಳದ ಬೆಂಚಿನ ಮೇಲೆ ಇಬ್ಬರೂ ಕೂರುತ್ತಾರೆ. ಬಿಸಿ ಚಹಾ ಬಿದ್ದೊಡನೆ ಕಪ್ಪಿನ ತಳದ ಕಲ್ಲುಸಕ್ಕರೆ ಚಿಟಚಿಟ ಎನ್ನುತ್ತದೆ. ಹೆಚ್ಚಿನ ದಿನ ಅಲ್ಲಿ ಮಾತಾಡುವುದು ಆ ಸಕ್ಕರೆ ಮಾತ್ರ.

ಈ ವಸಂತದಲ್ಲಿ ಗೇಶೆಯ ಮಂಡಿ ಸೋತಿತು. ಬೇಲಿಯ ಪಕ್ಕದ ತರಕಾರಿ ಮಡಿಯನ್ನು ಅಗೆಯಲು ಇನ್ನು ತನ್ನಿಂದಾಗದು, ಮಾರಿಬಿಡುತ್ತೇನೆ ಎಂದಳು. ಬ್ರೆಮೆನ್ನಿನಿಂದ ಒಬ್ಬ ಹಲ್ಲಿನ ಡಾಕ್ಟರು ಬಂದ. ದೋಣಿ ನಿಲ್ಲಿಸಲು ಜಾಗ ಬೇಕಂತೆ. ಟೇಪು ಹಿಡಿದು ಅಳೆದು, ಬೇಲಿಯ ಸಂದು ನೋಡಿ, "ಇದೇನಿದು ಹುಳುಕು? ಇಲ್ಲಿಗೆ ಉಕ್ಕಿನ ಜಾಲರಿ ಜಡಿದುಬಿಡ್ತೀನಿ" ಎಂದ. ಹಲ್ಲಿನವನಿಗೆ ಸಂದು ಕಂಡಲ್ಲೆಲ್ಲ ತುಂಬುವ ಚಟ.

ಆ ಮಾತು ಕಿವಿಗೆ ಬಿದ್ದೊಡನೆ ಹಿನ್ನರ್ಕ್ ಬೇಲಿಯ ಈಚೆಯಿಂದ ಎದ್ದು ನಿಂತ.

"ನಾನು ತಗೋತೀನಿ" ಎಂದ.

"ನಿಂಗ್ಯಾಕೋ ಅದು? ಬೀನ್ಸ್ ಕಂಡ್ರೆ ಆಗಲ್ಲ ನಿಂಗೆ" ಎಂದಳು ಗೇಶೆ.

"ಬೇಕು."

"ಬೇಕಾದ್ರೆ ತಗೋ ಮಾರಾಯ, ನಂದೇನು ಹೋಗೋದು" ಎಂದಳು ಗೇಶೆ. ಹಲ್ಲಿನ ಡಾಕ್ಟರು ಟೇಪು ಸುತ್ತಿಕೊಂಡು, ವ್ಯವಹಾರ ಮುರಿದುಬಿದ್ದರೆ ತನಗೊಂದು ಫೋನು ಮಾಡಿ ಎಂದು ಹೇಳಿ ಹೋದ.

ಹಿಂದಿನ ಕಾಲವಾಗಿದ್ದರೆ ನಾಲ್ಕು ಪುಟದ ಕ್ರಯಪತ್ರದಲ್ಲಿ ಮುಗಿಯುತ್ತಿತ್ತು. ಈಗ ಹಾಗಲ್ಲ. ಈಗ ಎಲ್ಲರ ಫೋನಿನಲ್ಲೂ ಜೇಬಿನ ವಕೀಲನಿದ್ದಾನೆ. ಅವನು ಪ್ರಶ್ನೆ ಕೇಳುತ್ತಾನೆ, ಕರಾರು ಬರೆಯುತ್ತಾನೆ, ಎದುರು ಪಾರ್ಟಿಯ ಜೇಬಿನ ವಕೀಲನ ಜೊತೆ ತಾನೇ ಜಗ್ಗಾಡುತ್ತಾನೆ. ಊಟ, ನಿದ್ದೆ, ಫೀಸು ಯಾವುದೂ ಬೇಡ, ನಾಚಿಕೆಯಂತೂ ಹುಟ್ಟಿನಿಂದಲೇ ಇಲ್ಲ. ಹಿನ್ನರ್ಕ್‌ನ ತಂಗಿಯ ಮಗಳು ಮೈಕೆ ಅವನ ಫೋನಿಗೆ ಒಬ್ಬನನ್ನು ಹಾಕಿಕೊಟ್ಟಳು. ಗೇಶೆಯ ಫೋನಿನಲ್ಲಿ ಆಗಲೇ ಒಬ್ಬನಿದ್ದ.

'ಈ ಜಮೀನನ್ನು ಯಾವ ಉದ್ದೇಶಕ್ಕೆ ಕೊಳ್ಳುತ್ತಿದ್ದೀರಿ?' ಎಂದು ಕೇಳಿದ ಜೇಬಿನ ವಕೀಲ.

'ಬೇಕು' ಎಂದು ಒತ್ತಿದ ಹಿನ್ನರ್ಕ್.

'ಸ್ವಲ್ಪ ವಿವರವಾಗಿ ಹೇಳಿದರೆ ನಿಮ್ಮ ಹಿತ ಕಾಯಲು ಅನುಕೂಲ. ನಿಧಾನವಾಗಿ ಹೇಳಿ. ನನಗೆ ಅವಸರವಿಲ್ಲ.'

ಹಿನ್ನರ್ಕ್ ಆ ಸಾಲನ್ನು ಎರಡು ಸಲ ಓದಿದ. ಹುಟ್ಟಿದಾರಭ್ಯ ಅವನಿಗೆ ಯಾರೂ ವಿವರವಾಗಿ ಹೇಳು ಎಂದಿರಲಿಲ್ಲ. ಅವನ ತಾಯಿ ಕೂಡ ಹೇಳಿದ್ದು 'ಸಾಕು, ಉಣ್ಣು' ಎಂದೇ. ಒಂದು ಭಾನುವಾರ ಪೂರ್ತಿ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ವಿವರಿಸಿದ. ಸಂದಿಯ ವಿಷಯ, ಚಹಾದ ವಿಷಯ, ಉಳಿದ ಹೊತ್ತು ಎಷ್ಟು ಉದ್ದ ಎನ್ನುವ ವಿಷಯ, ಕೊನೆಗೆ ಗಡ್ಡದ ವಿಷಯವನ್ನೂ ಬಿಡದೆ ಹೇಳಿಕೊಂಡ. ಹೇಳಿ ಮುಗಿದಾಗ ಮೈ ಹಗುರಾಗಿತ್ತು. ಫೋನನ್ನು ಒರೆಸಿ ಡ್ರಾಯರಿನಲ್ಲಿಟ್ಟು ಅಷ್ಟನ್ನೂ ಮರೆತ.

ಮನುಷ್ಯ ಮರೆತಾನು, ಯಂತ್ರ ಮರೆಯುವುದುಂಟೆ?

ನೋಟರಿಯ ಮುಂದೆ ಹಾಜರಾಗಬೇಕಿದ್ದ ದಿನ, ಹೊರಗಿನ ಕುರ್ಚಿಯಲ್ಲಿ ಕಾಯುತ್ತ ಕೂತಾಗ, ಹಿನ್ನರ್ಕ್ ಮೊದಲ ಬಾರಿಗೆ ಫೋನಿನಲ್ಲಿ ಕ್ರಯಪತ್ರ ತೆರೆದು ನೋಡಿದ. ಮುನ್ನೂರು ಚಿಲ್ಲರೆ ಪುಟ! ನಾಲ್ಕು ಸಾಲು ಬೀನ್ಸ್ ಹಾಕುವ ಜಾಗಕ್ಕೆ ಮುನ್ನೂರು ಪುಟ. ಮೂಗಿಗಿಂತ ಮೂಗುತಿ ಭಾರ ಎಂದುಕೊಂಡು ಬೆರಳಾಡಿಸುತ್ತ ಹೋದವನು ನಡುವೆ ಎಲ್ಲೋ 'ಖರೀದಿಯ ಉದ್ದೇಶ' ಎಂಬ ಕಲಂ ಕಂಡು ಕಲ್ಲಾದ. ಭಾನುವಾರ ಹೇಳಿಕೊಂಡಿದ್ದೆಲ್ಲ ಅಲ್ಲಿತ್ತು. ಗಡ್ಡವೂ ಇತ್ತು.

'ಇದನ್ನು ತೆಗಿ' ಎಂದು ಒತ್ತಿದ.

'ತೆಗೆದರೆ ನಿಮ್ಮ ವಾದ ದುರ್ಬಲವಾಗುತ್ತದೆ' ಎಂದು ಜೇಬಿನ ವಕೀಲ ವಿನಯದಿಂದ ತಿಳಿಸಿದ. 'ಮುಂದೆ ಯಾರಾದರೂ ಸಂದು ಮುಚ್ಚಲು ಬಂದರೆ ನಮಗೆ ಈ ಕಲಂ ಒಂದೇ ಆಧಾರ. ಎದುರು ಪಾರ್ಟಿಯ ವಕೀಲರೂ ಒಪ್ಪಿದ್ದಾರೆ. ಬಹಳ ಚೆನ್ನಾಗಿ ಬಂದಿದೆ ಎಂದು ಮೆಚ್ಚಿದ್ದಾರೆ.'

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಗೇಶೆ ಕ್ರಯಪತ್ರ ಓದಿರಲಾರಳು, ಅದೊಂದು ಸಮಾಧಾನ. ಅವಳು ಹಾಲಿನ ಡಬ್ಬಿಯ ಮೇಲಿನ ತಾರೀಕನ್ನೂ ಓದುವವಳಲ್ಲ. ಆದರೆ ಓದದಿದ್ದರೇನು? ಆ ದೇಶದ ಕಾನೂನು ವಿಚಿತ್ರ. ಒಂದು ಹಿಡಿ ಮಣ್ಣು ಕೈ ಬದಲಾಯಿಸಬೇಕಾದರೂ ನೋಟರಿಯಾದವರು ಇಬ್ಬರನ್ನೂ ಎದುರು ಕೂರಿಸಿಕೊಂಡು, ಇಡೀ ಪತ್ರವನ್ನು ಮೊದಲಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಗಟ್ಟಿಯಾಗಿ ಓದಲೇಬೇಕು. ಓದದ ಪತ್ರಕ್ಕೆ ಬೆಲೆಯಿಲ್ಲ.

ಎದ್ದು ಹೋಗಿಬಿಡಲೇ ಎನ್ನಿಸಿತು. ಎದ್ದು ಹೋದರೆ ನಾಳೆಯೇ ಹಲ್ಲಿನ ಡಾಕ್ಟರು ಜಾಲರಿ ಹೊತ್ತು ತರುತ್ತಾನೆ. ಕೂತರೆ ಗಡ್ಡ ಬಯಲಾಗುತ್ತದೆ. ಅಷ್ಟರಲ್ಲಿ ಗೇಶೆ ಒಳ್ಳೆಯ ಕೋಟು ಹಾಕಿಕೊಂಡು ಬಂದು "ಮೊಯಿನ್" ಎಂದಳು. ಹಿನ್ನರ್ಕ್‌ನ ಬಾಯಿಂದ "ಮೊಯಿನ್ ಮೊಯಿನ್" ಎಂದು ಬಂದುಬಿಟ್ಟಿತು.

"ಹುಷಾರಿದೀಯ ತಾನೇ?" ಎಂದಳು ಗೇಶೆ.

ನೋಟರಿ ಟೊಮ್ಮಾ ಪೊಪ್ಪಿಂಗಾ ಎಂದರೆ ಆ ಸೀಮೆಗೆಲ್ಲ ಹೆಸರು. ಅವಳ ಓದಿನ ವೇಗ ಅಂಥದು. ಎಳೆಯ ವಯಸ್ಸಿನಲ್ಲೇ ಉಸಿರು ತೆಗೆದುಕೊಳ್ಳುವುದು ವ್ಯರ್ಥ ಖರ್ಚು ಎಂದು ಕಂಡುಕೊಂಡವಳು. ಅವಳು ಓದತೊಡಗಿದರೆ ಪದಗಳು ಒಂದರ ಬಾಲ ಒಂದು ಕಚ್ಚಿಕೊಂಡು ಹರಿಯುತ್ತವೆ, ಕೇಳುವವರಿಗೆ ಮೊದಲ ಪುಟದಲ್ಲಿ ಆಕಳಿಕೆ, ಎರಡನೆಯದರಲ್ಲಿ ತೂಕಡಿಕೆ. ಮನೆ ಕೊಂಡವರಲ್ಲಿ ಅರ್ಧ ಜನ ನಿದ್ದೆಯಲ್ಲೇ ಕೊಂಡವರು. ಹಿನ್ನರ್ಕ್‌ಗೆ ಇದ್ದ ಒಂದೇ ಆಸೆಯೆಂದರೆ ಈ ವೇಗ.

ಆದರೂ ಒಂದು ಪ್ರಯತ್ನ ಮಾಡಿನೋಡೋಣ ಎಂದು, ಗೇಶೆ ಕೋಟು ತಗಲಿಸಲು ಆಚೆ ಹೋದಾಗ ಅವನು ಟೊಮ್ಮಾಳ ಮೇಜಿನತ್ತ ಬಾಗಿದ.

"ಒಂದು ಕಲಂ ಬೇಡ ಮೇಡಂ."

"ಯಾವುದು?"

ಹಿನ್ನರ್ಕ್ ತೋರಿಸಿದ. ಟೊಮ್ಮಾ ಕಣ್ಣಾಡಿಸಿದಳು. ಅವಳ ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತು.

"ತೆಗೀಬಹುದು" ಎಂದಳು. "ಆದ್ರೆ ಅವರೂ ಒಪ್ಪಬೇಕು. ಏನನ್ನ ತೆಗೀತಿದೀವಿ ಅಂತ ಅವರಿಗೆ ಗೊತ್ತಾಗಬೇಕಲ್ಲ? ಅದಕ್ಕೆ ಮೊದಲು ಓದಬೇಕು."

"ತೆಗೆಯೋದನ್ನೂ ಓದಬೇಕಾ?"

"ಓದದೆ ತೆಗೆಯೋಕಾಗಲ್ಲ, ತೆಗೀದೆ ಇದ್ರೂ ಓದಬೇಕು." ಟೊಮ್ಮಾ ಗಂಟಲಿನ ಗುಳಿಗೆಯೊಂದನ್ನು ಬಾಯಿಗೆಸೆದುಕೊಂಡು ನಿಟ್ಟುಸಿರು ಬಿಟ್ಟಳು. "ನಿಮಗೆ ಒಂದು ಕಲಮ್ಮಿನ ಸಂಕಟ ಬ್ರೂನ್ಸ್ ಅವರೇ. ನನ್ನ ಪಾಡು ನೋಡಿ. ಬರೆಯೋಕೆ ಎರಡೆರಡು ಮಿಷಿನ್ನು, ಓದೋಕೆ ನಾನೊಬ್ಬಳೇ ಹೆಂಗಸು. ಸೋಮವಾರ ಒಂದು ಕಾರ್ ಶೆಡ್ಡಿಗೆ ಇನ್ನೂರು ಪುಟ ಓದಿದೆ. ಮನೆಗೆ ಹೋಗಿ ಗಂಡನ ಹತ್ರ ಉಪ್ಪು ಕೊಡು ಅನ್ನೋಕೂ ದನಿ ಇರಲಿಲ್ಲ, ಸಪ್ಪೆ ಸೂಪು ಕುಡಿದು ಮಲಗಿದೆ."

"ಓದೋಕೂ ಮಿಷಿನ್ನು…?"

"ಕಾನೂನು ಬಿಡಲ್ಲ. ಮನುಷ್ಯರ ಬಾಯಿಂದಲೇ ಹೊರಡಬೇಕು, ಮನುಷ್ಯರ ಕಿವಿಗೇ ಬೀಳಬೇಕು. ಬನ್ನಿ ಗೇಶೆ ಅವರೇ, ಕೂತ್ಕೊಳ್ಳಿ. ಶುರು ಮಾಡೋಣ, ಇಲ್ಲಾಂದ್ರೆ ಇಲ್ಲೇ ಹಬ್ಬ ಮಾಡಬೇಕಾಗತ್ತೆ."

ಓದು ಹೊರಟಿತು. ಟೊಮ್ಮಾ ಹೆಸರಿಗೆ ತಕ್ಕಂತೆ ಓದಿದಳು. ಸದರಿ ಜಮೀನು, ಸದರಿ ಬೇಲಿ, ಸದರಿ ಬೇಲಿಯ ಸದರಿ ಸಂದು. ಜಮೀನಿನ ಮೇಲೆ ಉಲ್ಕೆ ಬಿದ್ದರೆ ಉಲ್ಕೆ ಯಾರದು, ಗುಂಡಿ ಯಾರದು. ಕಡಲು ಏರಿ ದಾಟಿ ಬಂದು ಜಮೀನು ಮುಳುಗಿದರೆ ಅದರ ಮೇಲೆ ಈಜುವ ಮೀನಿನ ಹಕ್ಕು ಯಾರಿಗೆ. ಬೀನ್ಸ್ ಬಳ್ಳಿ ಬಲಕ್ಕೆ ಸುತ್ತಿದರೆ ಏನು, ಎಡಕ್ಕೆ ಸುತ್ತಿದರೆ ಏನು. ಇಬ್ಬರು ವಕೀಲರೂ ಬುದ್ಧಿವಂತರು, ಇಬ್ಬರಿಗೂ ಬೇರೆ ಕೆಲಸವಿಲ್ಲ, ಕೇಳಬೇಕೆ? ಗೇಶೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಹಿನ್ನರ್ಕ್‌ಗೆ ಸ್ವಲ್ಪ ಧೈರ್ಯ ಬಂತು.

"ಹೆಬ್ಬಾತು ಎಂದರೆ ಥೆಯೋ ಎಂಬ ಹೆಸರಿನ ಸದರಿ ಪಕ್ಷಿಸದರಿಪಕ್ಷಿಯು ಗಡಿರೇಖೆಯ ಮೇಲೆ ಮೊಟ್ಟೆ ಇಟ್ಟಲ್ಲಿ ಸದರಿಮೊಟ್ಟೆಯ ಒಡೆತನವು ಮೊಟ್ಟೆಯ ಚೂಪುತುದಿ ಯಾವಕಡೆಗಿದೆಯೋ…"

"ಥೆಯೋ ಗಂಡು" ಎಂದಳು ಗೇಶೆ, ಕಣ್ಣು ತೆರೆಯದೆ.

ಟೊಮ್ಮಾ ಗಕ್ಕನೆ ನಿಂತಳು. "ಏನಂದ್ರಿ?"

"ಗಂಡು ಅದು. ಮೊಟ್ಟೆ ಇಡಲ್ಲ."

"ಅಕಸ್ಮಾತ್ ಇಟ್ಟರೆ?"

"ಇಟ್ಟರೆ ಪೇಪರಿನವರಿಗೆ ಹೇಳಿಕಳಿಸ್ತೀನಿ. ಮುಂದೆ ಓದಿ."

ಹಿನ್ನರ್ಕ್ ಚಡಪಡಿಸಿದ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. ಇವಳಿಗೆ ಕೇಳಿಸುತ್ತಿದೆ! ಈ ವೇಗದಲ್ಲೂ ಕೇಳಿಸುತ್ತಿದೆ! ಹಾಗಾದರೆ ಗಡ್ಡವೂ ಕೇಳಿಸುತ್ತದೆ. ದಿನಾ ಒಂದು ಹೆಂಗಸಿನ ದಾರಿ ಕಾಯುತ್ತ ಮುಖ ಹೆರೆದುಕೊಳ್ಳುವ ಮುದುಕ ಎಂದು ಗೊತ್ತಾದ ಮೇಲೆ ಅವಳು ಸಂದಿಯಿಂದ ತೂರಿ ಬಂದಾಳೆಯೇ? ಬಂದರೂ ಮೊದಲಿನಂತೆ ಸುಮ್ಮನೆ ಕೂತಾಳೆಯೇ? ಕೊಂಡ ಜಮೀನು ಕೈಲಿ, ಚಹಾ ಕಾಲುವೆಯಲ್ಲಿ. ಹಿನ್ನರ್ಕ್ ಪುಟಗಳನ್ನು ಎಣಿಸುತ್ತ ಯೋಚಿಸಿದ, ಯೋಚಿಸಿ ಒಂದು ಉಪಾಯ ಕಂಡುಕೊಂಡ. ಹೂಳೆತ್ತುವವನ ಉಪಾಯ, ಸದ್ದಿನದು.

ಇಷ್ಟರಲ್ಲಿ ಗೇಶೆಯ ತಲೆ ಪಕ್ಕಕ್ಕೆ ವಾಲಿತು. ಸಣ್ಣದೊಂದು ಗೊರಕೆ ಕೇಳಿಸಿತು. ದೇವರು ದೊಡ್ಡವನು ಎಂದುಕೊಂಡರೂ ಹಿನ್ನರ್ಕ್ ಉಪಾಯ ಬಿಡಲಿಲ್ಲ. ಟೊಮ್ಮಾ ಪುಟ ತಿರುವಿ "ಖರೀದಿಯ ಉದ್ದೇಶ" ಎಂದದ್ದೇ ತಡ, ಕೋಣ ಕೆಸರಿನಿಂದ ಎದ್ದಂತೆ ಕೆಮ್ಮಿದ. ಕಿಟಕಿಯ ಗಾಜು ಅದುರಿತು.

ಟೊಮ್ಮಾ ಕಾದಳು. ಕೆಮ್ಮು ನಿಂತ ಮೇಲೆ, "ಕೆಮ್ಮಿನಲ್ಲಿ ಮುಚ್ಚಿಹೋಯ್ತು. ಮುಚ್ಚಿಹೋಗಿದ್ದು ಓದಿದಂಗಲ್ಲ, ಮೊದಲಿಂದ ಓದ್ತೀನಿ" ಎಂದಳು.

ಮತ್ತೆ ಓದಿದಳು. ಮತ್ತೆ ಕೆಮ್ಮಿದ. ಮತ್ತೆ ಮೊದಲಿಂದ. ಈ ಸಲ ಕೆಮ್ಮುವುದರ ಜೊತೆಗೆ ನೀರಿನ ಲೋಟವನ್ನೂ ಬೀಳಿಸಿದ. ಟೊಮ್ಮಾ ಮೇಜು ಒರೆಸಿ, ಅವನಿಗೊಂದು ಗಂಟಲಿನ ಗುಳಿಗೆ ಕೊಟ್ಟು, ಅದನ್ನು ಅವನು ಬಾಯಿಗೆ ಹಾಕಿಕೊಳ್ಳುವವರೆಗೂ ನೋಡಿ, ಮತ್ತೆ ಮೊದಲಿಂದ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತಾಯಿತು. ಒಂದು ಸಲವೂ ಕೇಳಿಸಬಾರದೆಂದು ಇದ್ದದ್ದನ್ನು ಈ ಪುಣ್ಯಾತ್ಮ ನಾಲ್ಕು ಸಲ ಓದಿಸಿದ. ಗುಳಿಗೆ ಬಾಯಲ್ಲಿದ್ದಾಗ ಕೆಮ್ಮಲಾಗದೆ, ಕುರ್ಚಿಯ ಹಿಡಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡ. ಕಲಂ ಗಾಳಿಯಂತೆ ಹಾದುಹೋಯಿತು. ಕಣ್ಣು ಬಿಟ್ಟು ನೋಡಿದರೆ ಗೇಶೆ ಗೊರಕೆ ಹೊಡೆಯುತ್ತಲೇ ಇದ್ದಳು, ಮೊದಲಿಗಿಂತ ಜೋರಾಗಿ.

ಆಮೇಲಿನ ಪುಟಗಳು ಹಿನ್ನರ್ಕ್‌ಗೆ ಸಂಗೀತದಂತೆ ಕೇಳಿಸಿದವು. ಒಳಚರಂಡಿಯ ಕಲಂ ಬಂದಾಗ ಅವನಿಗೆ ಆನಂದಬಾಷ್ಪವೇ ಬಂತು. ಬದುಕಿದೆ ಬಡಜೀವವೇ ಎಂದುಕೊಂಡ. ನಾಳೆ ಮಧ್ಯಾಹ್ನ ಬೆಂಚು ಇರುತ್ತದೆ, ಸಂದು ಇರುತ್ತದೆ, ಮಾತಿಲ್ಲದೆ ಕೂತಿರಬಹುದು.

ಹೊರಗೆ ಬಿಸಿಲು ಹಳದಿಯಾಗುತ್ತಿದ್ದಂತೆ ಟೊಮ್ಮಾಳ ದನಿ ಕಪ್ಪೆಯದಾಗಿ, ಕೊನೆಗೆ ಬಾಗಿಲ ತಿರುಗಣಿಯದಾಗಿ, ಕಡೆಯ ಚುಕ್ಕೆ ಮುಟ್ಟಿತು. ಪೆನ್ನು ಮುಂದಿಟ್ಟು, ವಾಡಿಕೆಯಂತೆ ಕೇಳಬೇಕಾದ್ದನ್ನು ಕೇಳಿದಳು. "ಏನಾದ್ರೂ ಪ್ರಶ್ನೆ ಇದೆಯಾ? ತಿದ್ದುಪಡಿ ಏನಾದ್ರೂ?"

"ಇದೆ" ಎಂದಳು ಗೇಶೆ.

ಅವಳ ಕಣ್ಣು ಪೂರ್ತಿ ತೆರೆದಿತ್ತು. ನಿದ್ದೆಯ ಗುರುತೇ ಇರಲಿಲ್ಲ.

"ಆ ಉದ್ದೇಶದ ಕಲಂ ಇದೆಯಲ್ಲ. ಅದನ್ನ ಇನ್ನೊಂದ್ಸಲ ಓದಿ. ನಿಧಾನಕ್ಕೆ."

ಹಿನ್ನರ್ಕ್ ಕುರ್ಚಿಯೊಳಗೆ ಇಂಗಿಹೋದ. ಟೊಮ್ಮಾ ಅವನ ಮುಖ ನೋಡಿದಳು, ಗೇಶೆಯ ಮುಖ ನೋಡಿದಳು. ಕೆಲಸಕ್ಕೆ ಸೇರಿದಂದಿನಿಂದ ಅವಳಿಗೆ 'ಬೇಗ ಓದಿ' ಎಂದವರಿದ್ದರು, 'ನಿಧಾನಕ್ಕೆ' ಎಂದವರು ಇವಳೇ ಮೊದಲು. ದನಿ ಹೋಗಿದ್ದರಿಂದ ನಿಧಾನಕ್ಕಲ್ಲದೆ ಬೇರೆ ರೀತಿ ಓದುವ ಹಾಗೆಯೂ ಇರಲಿಲ್ಲ. ಪದಪದವಾಗಿ ಓದಿದಳು.

"ಖರೀದಿದಾರನಿಗೆ ಸದರಿ ಜಮೀನಿನ ಮಣ್ಣಿನಲ್ಲಾಗಲಿ, ಅಲ್ಲಿ ಬೆಳೆಯುವ ಬೀನ್ಸ್ ಇತ್ಯಾದಿಯಲ್ಲಾಗಲಿ ಆಸಕ್ತಿ ಇರುವುದಿಲ್ಲ. ಮಾರಾಟಗಾರಳು ಸದರಿ ಸಂದಿನ ಮೂಲಕ ದಿನವೂ ಬಂದು ಖರೀದಿದಾರನ ಜೊತೆ ಒಂದು ಕಪ್ ಚಹಾ ಕುಡಿಯುವುದು ನಿಲ್ಲಬಾರದೆಂಬುದೇ ಈ ಖರೀದಿಯ ಏಕೈಕ ಉದ್ದೇಶ. ದಿನದ ಉಳಿದ ಹೊತ್ತು ಖರೀದಿದಾರನಿಗೆ ಉದ್ದವಾಗಿರುತ್ತದೆ. ಸದರಿ ಒಂದು ಹೊತ್ತಿಗಾಗಿಯೇ ಅವನು ದಿನವೂ ಗಡ್ಡ ಹೆರೆದುಕೊಳ್ಳುತ್ತಾನೆ."

ಟೊಮ್ಮಾ ಹಾಳೆ ಕೆಳಗಿಟ್ಟಳು.

"ನೀನು… ನಿದ್ದೆ…" ಎಂದ ಹಿನ್ನರ್ಕ್.

"ಎಲ್ಲಿಯ ನಿದ್ದೆ! ಮೂವತ್ತು ವರ್ಷ ದನದ ಹರಾಜಿನಲ್ಲಿ ಲೆಕ್ಕ ಬರೆದವಳು ನಾನು. ಅಲ್ಲಿ ಕೂಗೋರ ಮುಂದೆ ಈ ಮೇಡಮ್ಮಿನ ಓದು ಜೋಗುಳ. ಬೇಜಾರು ಮಾಡ್ಕೋಬೇಡಿ ಮೇಡಂ." ಗೇಶೆ ಕೈಚೀಲದ ಕೊಂಡಿ ಸರಿಮಾಡಿಕೊಂಡಳು. "ಥೆಯೋ ಗಂಡು ಅಂದಿದ್ದಕ್ಕೇ ನೀನು ಕುರ್ಚಿಯಲ್ಲಿ ಚಡಪಡಿಸೋದು ಕೇಳಿ, ಪಾಪ, ಇವನಿಗೆ ನಾನು ಕೇಳಬಾರದು ಅಂತಿದೆ ಅಂತ ಗೊತ್ತಾಯ್ತು. ಅದಕ್ಕೇ ಗೊರಕೆ ಹೊಡೆದೆ. ನೀನು ಆ ಪರಿ ಕೆಮ್ಮೋಕೆ ಶುರು ಮಾಡಿದ ಮೇಲೆ ಇನ್ನೂ ಜೋರಾಗಿ ಹೊಡೆದೆ, ಧೈರ್ಯ ಬರಲಿ ಅಂತ."

"ಹಾಗಾದ್ರೆ ಸುಮ್ನಿರಬಹುದಿತ್ತಲ್ಲ" ಎಂದ ಹಿನ್ನರ್ಕ್. ಅವನ ದನಿ ಅಳುವ ಹಂತದಲ್ಲಿತ್ತು.

"ಸುಮ್ನಿರ್ತಿದ್ದೆ ಮಾರಾಯ. ಗಡ್ಡದ ವಿಷಯ ಸರಿ ಇದೆ, ನಂಗೆ ಮೊದಲೇ ಗೊತ್ತು. ನಾನು ಮಗಳ ಮನೆಗೆ ಹೋಗಿ ಬಂದಾಗೆಲ್ಲ ನೀನು ಮುಳ್ಳುಹಂದಿ ಥರ ಇರ್ತೀಯ. ಬೀನ್ಸ್ ವಿಷಯಾನೂ ಸರಿ. ಆದ್ರೆ ಇದರಲ್ಲಿ ಒಂದು ಸುಳ್ಳಿದೆ. ಸುಳ್ಳಿಗೆ ಸಹಿ ಹಾಕೋಳಲ್ಲ ನಾನು."

"ಯಾವುದು ಸುಳ್ಳು?" ಎಂದು ಟೊಮ್ಮಾ ಪೆನ್ನೆತ್ತಿಕೊಂಡಳು.

"ಒಂದು ಕಪ್ಪಂತೆ, ಒಂದು ಕಪ್ಪು!" ಗೇಶೆ ಮೇಜು ಕುಟ್ಟಿದಳು. "ಎಲ್ಲಿಯದು ಮೇಡಂ ಈ ಮಿಷಿನ್ನು? ನಮ್ಮ ಸೀಮೇಲಿ ಮೂರು ಕಪ್ ಕುಡೀದೆ ಎದ್ದರೆ ಮನೆಯವರ ಮುಖಕ್ಕೆ ಉಗಿದಂಗೆ. ಒಂದೇ ಕಪ್ ಕುಡಿದು ಎದ್ದುಹೋಗೋ ಹೆಂಗಸು ಅಂತ ಸರ್ಕಾರದ ಕಾಗದದಲ್ಲಿ ನನ್ನ ಹೆಸರು ಕೂತ್ಕೋಬೇಕಾ? ಆ ಸಂದಿನಲ್ಲಿ ಇಷ್ಟು ವರ್ಷ ಸೊಂಟ ಬಗ್ಗಿಸಿ ತೂರಿ ಬಂದಿರೋದು ಒಂದು ಕಪ್ಪಿಗಾ? ಮೂರು ಅಂತ ತಿದ್ದಿ."

ಟೊಮ್ಮಾ ಕೈಬರಹದಲ್ಲಿ ತಿದ್ದಿದಳು. ತಿದ್ದಿದ್ದನ್ನು ಓದಿದಳು. ಆಮೇಲೆ ಹಿನ್ನರ್ಕ್‌ನತ್ತ ತಿರುಗಿದಳು. "ಖರೀದಿದಾರರು ಒಪ್ತೀರಾ?"

ಹಿನ್ನರ್ಕ್ ತಲೆಯಾಡಿಸಿದ.

"ತಲೆ ಆಡಿಸಿದ್ದು ದಾಖಲಾಗಲ್ಲ. ಬಾಯಿ ಬಿಟ್ಟು ಹೇಳಬೇಕು."

ಹಿನ್ನರ್ಕ್ ಕುರ್ಚಿಯಲ್ಲಿ ನೆಟ್ಟಗೆ ಕೂತ. ಇಷ್ಟೆಲ್ಲ ಆದ ಮೇಲೆ ಮುಚ್ಚಿಡುವುದಕ್ಕೆ ಅವನ ಬಳಿ ಇನ್ನೇನೂ ಉಳಿದಿರಲಿಲ್ಲ. ಅದು ತಿಳಿದೊಡನೆ ಅವನಿಗೆ ಆ ಭಾನುವಾರಕ್ಕಿಂತಲೂ ಹಗುರವೆನಿಸಿತು.

"ಒಪ್ತೀನಿ" ಎಂದ. "ಮೂರು ಕಪ್ಪು. ದಿನಾ. ಮತ್ತೆ ಇನ್ನೊಂದು ಬರ್ಕೊಳ್ಳಿ ಮೇಡಂ. ಯಾವಾಗಲೂ ಅವಳೇ ಕೆಟಲು ಹೊತ್ತು ಬರ್ತಾಳೆ. ಅವಳ ಮಂಡಿ ಸರಿ ಇಲ್ಲ. ಭಾನುವಾರ ನಾನು ಚಹಾ ಮಾಡ್ಕೊಂಡು ಸಂದಿಯಿಂದ ಆ ಕಡೆಗೆ ಹೋಗ್ತೀನಿ. ಅವಳು ಬೇಡ ಅಂದ್ರೆ ಬೇಡ. ಬೇಡ ಅಂತಾಳಾ ಕೇಳಿ."

ಅವನ ಬಾಯಿಂದ ಅಷ್ಟುದ್ದದ ಮಾತು ಬಂದದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಟೊಮ್ಮಾ ಒಂದಕ್ಷರ ಬಿಡದೆ ಬರೆದುಕೊಂಡಳು. ಬರೆದದ್ದನ್ನು ಇದ್ದಷ್ಟು ದನಿಯಲ್ಲಿ ಓದಿ, ಗೇಶೆಯತ್ತ ತಿರುಗಿದಳು. "ಮಾರಾಟಗಾರರು ಏನಂತೀರಿ?"

ಗೇಶೆ ಕರವಸ್ತ್ರ ಹುಡುಕುವ ನೆವದಲ್ಲಿ ಕೈಚೀಲದೊಳಗೆ ಬಹಳ ಹೊತ್ತು ತಡಕಾಡಿದಳು.

"ಅವನು ಮಾಡೋ ಚಹಾ ಕಾಲುವೆ ನೀರಿನ ಹಾಗಿರತ್ತೆ ಮೇಡಂ" ಎಂದಳು. "ಆದ್ರೂ ಸಹಿ ಹಾಕ್ತೀನಿ. ಕೊಡಿ ಇಲ್ಲಿ ಪೆನ್ನು."